ತಿಳಿ ನೀರೆಲ್ಲ ಶುದ್ಧ ನೀರಲ್ಲ



ಮನೆಗೆ ಯಾರೇ ಬರಲಿ, ನಾವು ಮೊದಲು ಮುಂದಿಡುವುದು ಒಂದು ಲೋಟ ನೀರು. ಚಹಾ, ಶರಬತ್ತು, ಊಟ ಎಲ್ಲ ಅದರ ನಂತರ. ಲೋಟ ತೊಳೆದು, ನೀರು ತಿಳಿಯಾಗಿದೆಯೇ ಎಂದು ಒಮ್ಮೆ ಕಣ್ಣಾಡಿಸಿ ಕೊಡುತ್ತೇವೆ. ಕಸ ಕಾಣಲಿಲ್ಲ, ವಾಸನೆ ಇಲ್ಲ, ಬಾಯಿಗೆ ಸಿಹಿಯಾಗಿದೆ ಎಂದರೆ ನಮಗೆ ಸಮಾಧಾನ. ವುಝೂವಿನ ನೀರಿನ ಬಣ್ಣ, ರುಚಿ, ವಾಸನೆ ಕೆಟ್ಟಿದೆಯೇ ಎಂದು ನೋಡುವುದನ್ನೂ ಹಿರಿಯರು ನಮಗೆ ಕಲಿಸಿದ್ದಾರೆ. ಆದರೆ ಕುಡಿಯುವ ನೀರಿಗೆ ಈ ಮೂರು ಪರೀಕ್ಷೆ ಸಾಲದು. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯೂ ಇಲ್ಲ.

2024ರ ಜೂನ್ ತಿಂಗಳನ್ನು ಮಧುಗಿರಿ ಕಡೆಯವರು ಮರೆತಿರಲಾರರು. ತಾಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಸಂಭ್ರಮ ಮುಗಿದ ಬೆನ್ನಿಗೇ ಮನೆ ಮನೆಯಲ್ಲಿ ವಾಂತಿ ಭೇದಿ ಶುರುವಾಯಿತು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಜೀವಗಳೂ ಹೋದವು. ಕುಡಿದ ನೀರು ಕಲುಷಿತವಾಗಿತ್ತೆಂಬ ಶಂಕೆ ಮೂಡಿತು. ಅದಕ್ಕೆ ಹಿಂದಿನ ವರ್ಷ, 2023ರ ಆಗಸ್ಟ್‌ನಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಇಂಥದ್ದೇ ಆಗಿತ್ತು. ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಹಲವರು ಸತ್ತರು. ನೀರಿಗೆ ಯಾರೋ ವಿಷ ಬೆರೆಸಿರಬಹುದೆಂಬ ಗುಮಾನಿಯೂ ಆಗ ಹಬ್ಬಿತ್ತು. ಯೋಚಿಸಿ ನೋಡಿ, ನೀರು ಕೆಟ್ಟಾಗ ಹೊಟ್ಟೆ ಮಾತ್ರ ಕೆಡುವುದಿಲ್ಲ, ನೆರೆಹೊರೆಯ ನಂಬಿಕೆಯೂ ಕೆಡುತ್ತದೆ. ಇಂತಹ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆಸುವುದರಿಂದ ಸತ್ಯ ತಿಳಿಯುವುದಿಲ್ಲ. ನೀರಿನ ಪರೀಕ್ಷೆಯಿಂದ ತಿಳಿಯುತ್ತದೆ. ಈ ಪರೀಕ್ಷೆ ಏನು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಈ ತಿಂಗಳು ನೋಡೋಣ.

ಕೊಳೆ ಸೇರುವುದು ಎಲ್ಲಿಂದ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕೂ ಬಯಲು ಸೀಮೆಯ ತಾಲೂಕುಗಳು. ಮಳೆ ಕಡಿಮೆ, ನೆಲದಡಿ ಗಟ್ಟಿ ಕಲ್ಲು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದರೆ ಸಾಕು, ಈ ನೆಲದ ಸ್ವಭಾವ ಗೊತ್ತಾಗುತ್ತದೆ. ಮರಳು, ಮಣ್ಣಿನ ನಡುವೆ ನೀರು ನಿಧಾನವಾಗಿ ಇಳಿದರೆ ಅದೇ ಒಂದು ಸೋಸುವಿಕೆ. ಆದರೆ ಕಲ್ಲಿನ ಬಿರುಕಿನಲ್ಲಿ ನೀರು ಸೋಸಿಕೊಳ್ಳದೆ ಸರಾಗವಾಗಿ ಹರಿಯುತ್ತದೆ. ಬಿರುಕಿನ ಒಂದು ತುದಿಯಲ್ಲಿ ಶೌಚಾಲಯದ ಗುಂಡಿಯಿದ್ದು ಇನ್ನೊಂದು ತುದಿಯಲ್ಲಿ ಬೋರ್‌ವೆಲ್ ಇದ್ದರೆ ಏನಾಗಬಹುದೆಂದು ಹೇಳಬೇಕಿಲ್ಲ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರ ಇರಲಿ ಎನ್ನುವುದು ಸಾಮಾನ್ಯ ನಿಯಮ. ಕಲ್ಲು ನೆಲದಲ್ಲಿ ಅದಕ್ಕಿಂತ ಹೆಚ್ಚಿದ್ದಷ್ಟೂ ಒಳ್ಳೆಯದು.

ಇನ್ನೊಂದು ದಾರಿ ಪೈಪಿನದು. ನಮ್ಮ ಊರುಗಳಲ್ಲಿ ನಲ್ಲಿಯಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡವಿರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತ ಮೇಲೆ ಪೈಪು ಬರಿದಾಗುತ್ತದೆ. ಆಗ ಅದೇ ಬಿರುಕಿನಿಂದ ಪಕ್ಕದ ಚರಂಡಿಯ ನೀರು ಒಳಗೆ ಎಳೆದುಕೊಳ್ಳುತ್ತದೆ. ಮರುದಿನವೋ ಮೂರನೆಯ ದಿನವೋ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬರುವುದು ಅದೇ. ಹೊಸ ಮಳೆ ಬಿದ್ದು ಚರಂಡಿ ತುಂಬಿ ಹರಿಯುವ ದಿನಗಳಲ್ಲಿ ವಾಂತಿ ಭೇದಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಊರಿನಿಂದ ಊರಿಗೆ ನೀರಿನ ಮೂಲವೂ ಬೇರೆ. ಕೊರಟಗೆರೆಯ ಸುತ್ತ ಜಯಮಂಗಲಿ, ಸುವರ್ಣಮುಖಿಯ ಬಯಲಿನ ಬಾವಿಗಳಿವೆ. ಶಿರಾಕ್ಕೆ ಹೇಮಾವತಿಯ ನೀರು ಕೆರೆಗೆ ಬರುತ್ತದೆ. ಪಾವಗಡದವರು ಬಹುಕಾಲ ಆಳದ ಬೋರ್‌ವೆಲ್ಲಿನ ಫ್ಲೋರೈಡ್ ನೀರನ್ನೇ ನಂಬಿ ಬದುಕಿದರು. ಅವರಿಗಾಗಿ ತುಂಗಭದ್ರಾ ಹಿನ್ನೀರಿನಿಂದ ನೀರು ತರುವ ದೊಡ್ಡ ಯೋಜನೆ ರೂಪುಗೊಂಡಿತು. ನದಿಯ ನೀರಿನಲ್ಲಿ ಫ್ಲೋರೈಡ್ ಭಯ ಕಡಿಮೆ, ಸಂತೋಷವೇ. ಆದರೆ ನದಿ, ಕೆರೆಯ ನೀರು ಬಯಲಲ್ಲಿ ತೆರೆದಿರುವ ನೀರು. ಅದರಲ್ಲಿ ರೋಗಾಣುವಿನ ಭಯ ಬೋರ್‌ವೆಲ್ಲಿನ ನೀರಿಗಿಂತ ಹೆಚ್ಚು. ಹಾಗಾಗಿ ಮೂಲ ಬದಲಾದಾಗ ನಮ್ಮ ಎಚ್ಚರಿಕೆಯೂ ಬದಲಾಗಬೇಕು.

ಕಳ್ಳನನ್ನಲ್ಲ, ಹೆಜ್ಜೆ ಗುರುತನ್ನು ಹುಡುಕುವುದು

ನೀರಿನಲ್ಲಿ ಕಾಲರಾ ರೋಗಾಣು ಇದೆಯೇ ಎಂದು ನೇರವಾಗಿ ಹುಡುಕಬಹುದಲ್ಲವೇ ಎಂದು ನೀವು ಕೇಳಬಹುದು. ಹುಡುಕಬಹುದು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲಿ ನಮ್ಮ ಕಲ್ಕತ್ತೆಗೇ ಬಂದು, ಜನ ಕುಡಿಯುತ್ತಿದ್ದ ಕೊಳದ ನೀರಿನಲ್ಲಿ ಆ ರೋಗಾಣುವನ್ನು ತೋರಿಸಿಕೊಟ್ಟರು. ಆದರೆ ದಿನನಿತ್ಯದ ಕಾವಲಿಗೆ ಈ ದಾರಿ ಆಗುವುದಿಲ್ಲ. ಏಕೆಂದರೆ ನೀರಿನಿಂದ ಬರುವ ರೋಗಾಣುಗಳು ಒಂದೆರಡಲ್ಲ. ಕಾಲರಾದ್ದು ಬೇರೆ, ಟೈಫಾಯ್ಡಿನದು ಬೇರೆ, ರಕ್ತಭೇದಿಯದು ಬೇರೆ, ಕಾಮಾಲೆಯ ವೈರಸ್ಸುಗಳು ಬೇರೆ, ಮಕ್ಕಳ ಭೇದಿಯ ರೋಟಾ ವೈರಸ್ ಬೇರೆ, ಜಿಯಾರ್ಡಿಯಾದಂತಹ ಪರೋಪಜೀವಿಗಳು ಬೇರೆ. ಒಂದೊಂದಕ್ಕೂ ಒಂದೊಂದು ಪರೀಕ್ಷೆ, ಒಂದೊಂದಕ್ಕೂ ಹಣ, ದಿನಗಟ್ಟಲೆ ಸಮಯ. ಅಷ್ಟೇ ಅಲ್ಲ, ಊರಿನಲ್ಲಿ ರೋಗಿ ಇದ್ದಾಗ ಮಾತ್ರ ಅವು ನೀರಿಗೆ ಬರುತ್ತವೆ, ಬಂದರೂ ಸಂಖ್ಯೆ ಕಡಿಮೆ. ನಾವು ತೆಗೆದ ಸೀಸೆಗೆ ಅವು ಸಿಗದೇ ಹೋಗಬಹುದು. ಇಂದು ಸಿಗಲಿಲ್ಲ ಎಂದು ನಿಶ್ಚಿಂತೆಯಾಗಿದ್ದರೆ ನಾಳೆ ಬರಬಹುದು.

ಆದ್ದರಿಂದ ವಿಜ್ಞಾನಿಗಳು ಬೇರೊಂದು ಉಪಾಯ ಮಾಡಿದರು. ಈ ರೋಗಾಣುಗಳಲ್ಲಿ ಹೆಚ್ಚಿನವು ನೀರಿಗೆ ಬರುವುದು ಒಂದೇ ದಾರಿಯಿಂದ: ಮಲದಿಂದ. ಹಾಗಾದರೆ ನೀರಿಗೆ ಮಲ ಸೇರಿದೆಯೇ ಎಂದು ತಿಳಿದರೆ ಸಾಕಲ್ಲ! ಮನುಷ್ಯರ ಮತ್ತು ದನ, ಕುರಿ, ಕೋಳಿಗಳ ಕರುಳಿನಲ್ಲಿ ಸದಾ ವಾಸಿಸುವ ಒಂದು ಬ್ಯಾಕ್ಟೀರಿಯಾ ಇದೆ. 1885ರಲ್ಲಿ ಮಕ್ಕಳ ವೈದ್ಯ ಥಿಯೋಡೋರ್ ಎಷರಿಕ್ ಹಸುಗೂಸುಗಳ ಮಲದಲ್ಲಿ ಅದನ್ನು ಕಂಡುಹಿಡಿದರು. ಅದೇ ಇ. ಕೋಲೈ. ಅದರ ಹೆಚ್ಚಿನ ಬಗೆಗಳು ನಮಗೆ ಕೇಡು ಮಾಡುವುದಿಲ್ಲ. ಆದರೆ ಆರೋಗ್ಯವಂತರ ಮಲದಲ್ಲೂ ಅದು ಕೋಟಿಗಟ್ಟಲೆ ಇರುತ್ತದೆ, ಆದ್ದರಿಂದ ಹುಡುಕುವುದು ಸುಲಭ. ನೀರಿನಲ್ಲಿ ಅದು ಕಂಡರೆ ಆ ನೀರಿಗೆ ಇತ್ತೀಚೆಗೆ ಮಲ ಸೇರಿದೆ ಎಂದರ್ಥ. ಇಂದು ಮಲ ಬಂದ ದಾರಿಯಲ್ಲೇ ನಾಳೆ ಕಾಲರಾ ಬರಬಹುದು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಇಂತಹ ಜೀವಿಗಳನ್ನು ಸೂಚಕ ಜೀವಿಗಳು ಎನ್ನುತ್ತಾರೆ.

ಪರೀಕ್ಷಾ ವರದಿಯಲ್ಲಿ ‘ಒಟ್ಟು ಕೋಲಿಫಾರ್ಮ್’ ಮತ್ತು ‘ಇ. ಕೋಲೈ’ ಎಂಬ ಎರಡು ಸಾಲುಗಳನ್ನು ನೀವು ನೋಡಬಹುದು. ಕೋಲಿಫಾರ್ಮ್ ಎಂಬುದು ದೊಡ್ಡ ಕುಟುಂಬ. ಅದರಲ್ಲಿ ಮಣ್ಣು, ಎಲೆಗಳ ಮೇಲೆ ಬದುಕುವ ಬ್ಯಾಕ್ಟೀರಿಯಾಗಳೂ ಇವೆ. ಆದ್ದರಿಂದ ಒಟ್ಟು ಕೋಲಿಫಾರ್ಮ್ ಕಂಡಿದ್ದರೆ ಎಲ್ಲೋ ಹೊರಗಿನ ಕೊಳೆ ಒಳ ಬರುತ್ತಿದೆ, ಇಲ್ಲವೇ ಟ್ಯಾಂಕ್ ಶುಚಿಯಾಗಿಲ್ಲ ಎಂದರ್ಥ. ಇ. ಕೋಲೈ ಕಂಡಿದ್ದರೆ ಮಾತು ಸ್ಪಷ್ಟ: ಮಲ ಸೇರಿದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ (ಐ.ಎಸ್. 10500, 2012) ಯಾವುದೇ 100 ಮಿಲಿಲೀಟರ್ ನೀರಿನಲ್ಲಿ ಇವೆರಡೂ ಕಾಣಬಾರದು. ಸ್ವಲ್ಪ ಇದ್ದರೆ ಪರವಾಗಿಲ್ಲ ಎಂಬ ಮಾತೇ ಇಲ್ಲ.

ಕಪ್ಪಾಗುವ ಸೀಸೆ

ಪ್ರಯೋಗಾಲಯದಲ್ಲಿ ಈ ಪರೀಕ್ಷೆಯನ್ನು ಹಲವು ರೀತಿಯಲ್ಲಿ ಮಾಡುತ್ತಾರೆ. ಹಾಲಿನ ಸಕ್ಕರೆ ಬೆರೆಸಿದ ದ್ರವಕ್ಕೆ ನೀರು ಹಾಕಿ, ನಮ್ಮ ದೇಹದಷ್ಟೇ ಬಿಸಿಯಲ್ಲಿ ಒಂದೆರಡು ದಿನ ಇಡುತ್ತಾರೆ. ಕೋಲಿಫಾರ್ಮ್ ಇದ್ದರೆ ಸಕ್ಕರೆ ಹುಳಿಯಾಗಿ ಒಳಗಿನ ಪುಟ್ಟ ಕೊಳವೆಯಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ. ದೋಸೆ ಹಿಟ್ಟು ಹುಳಿ ಬಂದು ಉಬ್ಬುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಇನ್ನೊಂದು ರೀತಿಯಲ್ಲಿ 100 ಮಿಲಿಲೀಟರ್ ನೀರನ್ನು ಬಹಳ ಸಣ್ಣ ರಂಧ್ರಗಳ ಹಾಳೆಯಲ್ಲಿ ಸೋಸಿ, ಹಾಳೆಯ ಮೇಲೆ ಬೆಳೆಯುವ ಚುಕ್ಕೆಗಳನ್ನು ಎಣಿಸುತ್ತಾರೆ.

ಇವೆಲ್ಲ ಲ್ಯಾಬಿನ ಕೆಲಸ. ಪಾವಗಡದ ಒಂದು ಹಳ್ಳಿಯಿಂದ ಜಿಲ್ಲಾ ಕೇಂದ್ರ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್ ದೂರ. ಪ್ರತಿ ಸಲ ಅಲ್ಲಿಗೆ ಓಡಲು ಆಗುತ್ತದೆಯೇ? ಇದಕ್ಕೊಂದು ಸರಳ ದಾರಿಯನ್ನು ನಮ್ಮ ದೇಶದ ವಿಜ್ಞಾನಿಗಳೇ ತೋರಿಸಿದರು. 1982ರಲ್ಲಿ ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು ಒಂದು ಪುಟ್ಟ ಸೀಸೆಯ ಪರೀಕ್ಷೆಯನ್ನು ಪ್ರಕಟಿಸಿದರು. ಮಲದಲ್ಲಿರುವ ಹಲವು ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಸೀಸೆಯೊಳಗೆ ಅವುಗಳಿಗೆ ಬೇಕಾದ ಆಹಾರವೂ ಕಬ್ಬಿಣದ ಲವಣವೂ ಇರುತ್ತದೆ. ಅನಿಲ ಕಬ್ಬಿಣದೊಡನೆ ಸೇರಿದರೆ ನೀರು ಕಪ್ಪಾಗುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಕೋಣೆಯ ಬೆಚ್ಚಗಿನ ಮೂಲೆಯಲ್ಲಿ 24ರಿಂದ 48 ಗಂಟೆ ಇಟ್ಟರೆ ಆಯಿತು. ಕರೆಂಟು ಬೇಡ, ಯಂತ್ರ ಬೇಡ. ಕಪ್ಪಾದರೆ ಅಪಾಯ.

ಈ ಸೀಸೆ ಈಗ ನಮ್ಮ ಹಳ್ಳಿಗಳ ಹತ್ತಿರವೇ ಬಂದಿದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಗಂಡಸರಿಗಲ್ಲ, ಮಹಿಳೆಯರಿಗೆ! ನೀರು ಹೊರುವವರು, ತುಂಬುವವರು, ಮಗುವಿಗೆ ಕುಡಿಸುವವರು ಅವರೇ ತಾನೇ? ನಿಮ್ಮ ಊರಿನ ಆ ಐವರು ಯಾರೆಂದು ನಿಮಗೆ ಗೊತ್ತೇ? ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಯಾರೂ ಇಲ್ಲದಿದ್ದರೆ ನಿಮ್ಮ ಮನೆಯ ಓದಿದ ಮಗಳನ್ನೋ ಸೊಸೆಯನ್ನೋ ಸೇರಿಸಲು ಹೇಳಿ. ಹತ್ತನೆಯ ತರಗತಿ ಓದಿ ಮನೆಯಲ್ಲಿರುವ ಹುಡುಗಿಗೆ ಇದೊಂದು ಗೌರವದ ಕೆಲಸ. ಸೂಕ್ಷ್ಮಾಣು ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮೊದಲು ಮತ್ತು ನಂತರ, ಮಾಡಬೇಕೆಂಬ ನಿಯಮವೂ ಇದೆ. ಪಟ್ಟಣದವರು ಪುರಸಭೆ, ನಗರಸಭೆಯಲ್ಲಿ ಅಥವಾ ತಾಲೂಕು ಆರೋಗ್ಯ ಕಚೇರಿಯಲ್ಲಿ ವಿಚಾರಿಸಬಹುದು.

ನೀರು ಹಿಡಿಯುವ ಕ್ರಮ ಸರಿಯಿರಬೇಕು, ಇಲ್ಲದಿದ್ದರೆ ನಮ್ಮ ಕೈಯ ಕೊಳೆಯೇ ವರದಿಯಾಗಿ ಬರುತ್ತದೆ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ನಲ್ಲಿಯ ಬಾಯಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಲು ಬಿಡಿ. ಸೀಸೆಯ ಒಳಗೂ ಮುಚ್ಚಳದ ಒಳಭಾಗಕ್ಕೂ ಬೆರಳು ತಾಗಿಸಬೇಡಿ. ಲ್ಯಾಬಿನವರು ಕೊಟ್ಟ ಸೀಸೆಯನ್ನು ತೊಳೆಯಬೇಡಿ, ಅದರೊಳಗೆ ಕ್ಲೋರಿನ್ನಿನ ಶಕ್ತಿ ನಿಲ್ಲಿಸುವ ಪುಡಿ ಹಾಕಿರುತ್ತಾರೆ. ಲ್ಯಾಬಿಗೆ ಕಳಿಸುವುದಾದರೆ ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸುವುದು ಒಳ್ಳೆಯದು, 24 ಗಂಟೆ ದಾಟಬಾರದು.

ಟಿಡಿಎಸ್ ಮೀಟರ್ ಹೇಳದ ಮಾತು

ನಮ್ಮ ಕಡೆ ‘ಫಿಲ್ಟರ್ ನೀರು’ ಎಂದರೆ ಎಲ್ಲರಿಗೂ ಬಹಳ ನಂಬಿಕೆ. ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಪಾವಗಡ, ಶಿರಾ, ಮಧುಗಿರಿಯ ಫ್ಲೋರೈಡ್ ನೀರಿಗೆ ಇದು ಬೇಕೇ ಬೇಕು. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ನೆನಪಿಡಿ.

ಆದರೆ ಕೆಲವರು ಪೆನ್ನಿನಂತಹ ಟಿಡಿಎಸ್ ಮೀಟರನ್ನು ಅದ್ದಿ, ನಂಬರ್ ಕಡಿಮೆ ಬಂದರೆ ನೀರು ಶುದ್ಧವೆಂದು ಹೇಳುತ್ತಾರೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳನ್ನು ಮಾತ್ರ. ರೋಗಾಣು ಲಕ್ಷವಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಘಟಕದ ಯಂತ್ರದಿಂದ ಹೊರಬರುವಾಗ ನೀರು ಚೆನ್ನಾಗಿಯೇ ಇರಬಹುದು. ಆದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಆಮೇಲೆ ಪಾಚಿಗಟ್ಟಿದ ಕ್ಯಾನ್, ಲೋಟದ ಜೊತೆ ಮುಳುಗುವ ಬೆರಳು, ತೆರೆದ ಮುಚ್ಚಳ, ಯಾವುದರಿಂದ ಕೊಳೆ ಸೇರಿದರೂ ಅದನ್ನು ಕೊಲ್ಲಲು ನೀರಿನಲ್ಲಿ ಏನೂ ಇಲ್ಲ. ಆದ್ದರಿಂದ ಒಮ್ಮೆ ಘಟಕದ ನಲ್ಲಿಯ ನೀರನ್ನೂ ಇನ್ನೊಮ್ಮೆ ನಿಮ್ಮ ಮನೆಯ ಕ್ಯಾನಿನ ನೀರನ್ನೂ ಬೇರೆ ಬೇರೆ ಸೀಸೆಯಲ್ಲಿ ಪರೀಕ್ಷಿಸಿ. ಒಂದು ಕಪ್ಪಾಗದೆ ಇನ್ನೊಂದು ಕಪ್ಪಾದರೆ ತಪ್ಪು ಎಲ್ಲಿದೆಯೆಂದು ತಾನಾಗಿಯೇ ತಿಳಿಯುತ್ತದೆ. ಕುಡಿಯುವ ನೀರಿನ ಪಾತ್ರೆಯನ್ನು ಮುಚ್ಚಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಕೇಳಿದ್ದು ಅಡುಗೆಮನೆಯಲ್ಲಿ ಕಾಣಬೇಕು, ಅಷ್ಟೇ.

ಸೀಸೆ ಕಪ್ಪಾದರೆ, ಆಗದಿದ್ದರೆ

ಸೀಸೆ ಕಪ್ಪಾದರೆ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಆ ನೀರನ್ನು ಕುಡಿಯಲು ಬಳಸುವುದನ್ನು ಆಗಲೇ ನಿಲ್ಲಿಸಿ, ಇಲ್ಲವೇ ಚೆನ್ನಾಗಿ ಕುದಿಸಿ. ಗುಳ್ಳೆಗಳು ಮೇಲೆ ಬಂದು ಕೊತಕೊತ ಕುದಿಯುವಾಗ ಒಂದು ನಿಮಿಷ ಬಿಟ್ಟರೆ ಸಾಕು. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಅಕ್ಕಪಕ್ಕದ ಮನೆಗೆ ತಿಳಿಸಿ. ನೀರುಗಂಟಿಗೆ, ಪಿಡಿಒಗೆ, ಆಶಾ ಕಾರ್ಯಕರ್ತೆಗೆ ಹೇಳಿ. ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಏಕೆಂದರೆ ಕೆಲವು ಬೋರ್‌ವೆಲ್ಲುಗಳಲ್ಲಿ ಮಲಕ್ಕೆ ಸಂಬಂಧವಿಲ್ಲದ ಬ್ಯಾಕ್ಟೀರಿಯಾಗಳಿಂದಲೂ ಸೀಸೆ ಕಪ್ಪಾಗುವುದುಂಟು. ಟ್ಯಾಂಕ್ ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ. ಒಳ್ಳೆಯ ಪುಡಿಯಾದರೆ 1000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಒಂದು ಗಂಟೆ ಬಿಟ್ಟು ಬಳಸಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಶಕ್ತಿ ಇರುವುದಿಲ್ಲ. ನಲ್ಲಿಯ ಕೊನೆಯ ಮನೆಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಕಿಟ್ಟಿನ ಹನಿಗಳನ್ನು ಹಾಕಿದಾಗ ಬರುವ ಬಣ್ಣದಿಂದ ಇದನ್ನು ಅಲ್ಲೇ ನೋಡಬಹುದು. ಆದ್ದರಿಂದ ನಲ್ಲಿಯಲ್ಲಿ ಸ್ವಲ್ಪ ಬ್ಲೀಚಿಂಗ್ ವಾಸನೆ ಬಂದರೆ ಬೈಯಬೇಡಿ. ಅದು ಕಾವಲುಗಾರನ ವಾಸನೆ.

ಸೀಸೆ ಕಪ್ಪಾಗದಿದ್ದರೆ? ಸಂತೋಷ, ಆದರೆ ಅದು ಆ ದಿನದ, ಆ ನಲ್ಲಿಯ ಮಾತು. ಇನ್ನೊಂದು ಸಂಗತಿಯಿದೆ. ಕ್ಲೋರಿನ್ನಿಗೆ ಇ. ಕೋಲೈ ಬೇಗ ಸಾಯುತ್ತದೆ. ಕಾಮಾಲೆಯ ವೈರಸ್ಸುಗಳು ಅಷ್ಟು ಬೇಗ ಸಾಯುವುದಿಲ್ಲ, ಜಿಯಾರ್ಡಿಯಾದಂತಹವು ಇನ್ನೂ ಗಟ್ಟಿ. ಆದ್ದರಿಂದ ವರದಿ ಚೆನ್ನಾಗಿದ್ದರೂ ಊರಿನಲ್ಲಿ ಕಾಮಾಲೆ ಕಂಡರೆ ನೀರನ್ನೇ ಮೊದಲು ಅನುಮಾನಿಸಿ, ಕುದಿಸಿಯೇ ಕುಡಿಯಿರಿ. ಮನೆಯಲ್ಲಿ ಬಸುರಿಯಿದ್ದರಂತೂ ಅಸಡ್ಡೆ ಮಾಡಲೇಬೇಡಿ. ನೀರಿನಿಂದ ಬರುವ ಹೆಪಟೈಟಿಸ್ ‘ಇ’ ಕಾಮಾಲೆ ಸಾಮಾನ್ಯರಿಗೆ ವಾಸಿಯಾಗುವ ರೋಗ. ಆದರೆ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಗುಲಿದವರಲ್ಲಿ ನೂರಕ್ಕೆ 20ರಿಂದ 25ರಷ್ಟು ಮಂದಿಯವರೆಗೂ ಸತ್ತ ಉದಾಹರಣೆಗಳಿವೆ.

ಬೀದಿಯಲ್ಲಿ ಒಂದೇ ಬಾರಿಗೆ ಹಲವರಿಗೆ ವಾಂತಿ ಭೇದಿಯಾದರೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿಯುವ ಮೊದಲು ಒಂದು ಸೀಸೆ ನೀರು ತೆಗೆದಿಡಲು ಆರೋಗ್ಯ ಇಲಾಖೆಯವರಿಗೆ ನೆನಪಿಸಿ. ಆಸ್ಪತ್ರೆಯಲ್ಲಿ ಮಲ ಪರೀಕ್ಷೆಗೆ ಕೇಳಿದರೆ ನಾಚಬೇಡಿ. ಯಾವ ರೋಗಾಣು ಎಂದು ನೇರವಾಗಿ ಹುಡುಕುವುದು ಆಗಲೇ. ರೋಗಿಗೆ ತಡಮಾಡದೆ ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ. ಎದೆಹಾಲು ನಿಲ್ಲಿಸಬೇಡಿ.

ಮುಂದೆ ನಿಮ್ಮ ಬೀದಿಯಲ್ಲಿ ನಿಕಾಹ್, ವಲೀಮಾ, ಇಫ್ತಾರ್ ಕೂಟ, ಉರೂಸ್, ಜಾತ್ರೆ ಏನೇ ಇರಲಿ, ನೂರಾರು ಜನರಿಗೆ ಡ್ರಮ್ಮಿನಲ್ಲಿ ನೀರು ತುಂಬಿಸುವ ಎರಡು ದಿನ ಮೊದಲು ಆ ನೀರಿನ ಒಂದು ಸೀಸೆಯನ್ನು ನಿಮ್ಮ ಮನೆಯ ಮೂಲೆಯಲ್ಲಿಡಿ. ಬಿರಿಯಾನಿಗೆ ಮಸಾಲೆ ಎಷ್ಟು ಎಂದು ಹತ್ತು ಸಲ ಲೆಕ್ಕ ಹಾಕುವ ನಾವು ನೀರಿಗಾಗಿ ಇಷ್ಟು ಮಾಡಲಾರೆವೇ? ಸೀಸೆಯ ಬಣ್ಣ ನೋಡಿದ ನಂತರವೇ ಅತಿಥಿಯ ಕೈಗೆ ಲೋಟ ಕೊಡೋಣ.